ಲೋಳೆಯ ಗೆರೆ

ಮರಳುಗಾಡಿನ ತೋಟವೊಂದರಲ್ಲಿ, ಕಲ್ಲಿನಡಿ, ಒಂದು ಮುದಿ ಬಸವನಹುಳು ವಾಸವಾಗಿತ್ತು. ಪಕ್ಕದ ಪಾತಿಯಲ್ಲಿ ಸೊಪ್ಪು ಮೇಯುವ ಬಸವನಹುಳುಗಳನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ. ಅವನ್ನು ಕಳೆಯಲೆಂದು ಮಾಲಿ ಪರದೇಶದಿಂದ, ಬಸವನಹುಳುಗಳನ್ನೇ ತಿನ್ನುವ ಬೇಟೆಹುಳುವೊಂದನ್ನು ತರಿಸಿ ಬಿಟ್ಟಾಗ ಮುದಿಹುಳುವಿಗೆ ಹಿಗ್ಗೋ ಹಿಗ್ಗು.

“ಬಾ ತಮ್ಮಾ, ಅವು ಎಲ್ಲೆಲ್ಲಿ ಅಡಗಿವೆಯೋ ನಾನು ತೋರಿಸುತ್ತೇನೆ,” ಎಂದು ದಿನವೂ ಕಲ್ಲಿನಡಿಯಿಂದ ಹೊರಟು ಮುಂದೆ ಮುಂದೆ ತೆವಳಿತು.

ವಾರದಲ್ಲಿ ಪಾತಿ ಖಾಲಿಯಾಯಿತು. ಮರುದಿನ ಬೇಟೆಹುಳು ಕಲ್ಲಿನಡಿಗೇ ಬಂತು.

“ಇಲ್ಲಿಗೇಕೆ ಬಂದೆಯಪ್ಪಾ? ನಾನು ನಿನ್ನ ಕಡೆಯವನಲ್ಲವೇ?”

“ಕಡೆಗಿಡೆ ನನಗೆ ತಿಳಿಯದು, ಅಜ್ಜಾ. ಲೋಳೆಯ ಗೆರೆ ಹಿಡಿದು ಹೋಗುವುದಷ್ಟೇ ಗೊತ್ತು. ತೋಟದಲ್ಲಿ ಈಗ ಉಳಿದಿರುವುದು ನೀನು ಎಳೆದ ಗೆರೆಯೊಂದೇ.”

ಮುದಿಹುಳು ಚಿಪ್ಪಿನೊಳಗೆ ಸರಿಯಿತು. ಬೇಟೆಹುಳುವೂ ಹಿಂದೆಯೇ ಒಳಗೆ ಹೋಯಿತು.