ಆನೆ ಚಹಾ ಕುಡಿದ ಮೇಲೆ

ಚಹಾದಂಗಡಿ ತೆರೆಯುವ ಆಸೆಯಿಂದ ಕರಡಿಯು ತುಳಸಿ, ಶುಂಠಿ, ಏಲಕ್ಕಿಗಳನ್ನು ಹದವಾಗಿ ಬೆರೆಸಿ, ಹಾಲು ಹಾಕದ ಚಹಾ ಕಾಯಿಸಿ, ಕಾಡಿನವರನ್ನೆಲ್ಲ ರುಚಿ ನೋಡಲು ಕರೆಯಿತು.

ಮೊಲ ಒಂದು ಗುಟುಕು ಕುಡಿದು, “ಕರಡಿಯಣ್ಣ, ಎಷ್ಟು ಹಿತವಾಗಿದೆ! ಖಾರವೂ ಇಲ್ಲ, ಕಹಿಯೂ ಇಲ್ಲ” ಎಂದಿತು. ನರಿ, ನವಿಲುಗಳು ಇನ್ನೊಂದು ಲೋಟ ಕೇಳಿ ಕುಡಿದವು.

ಅಷ್ಟರಲ್ಲಿ ಆನೆ ಬಂತು. ಒಂದು ಲೋಟ ಕುಡಿದು, “ಇದಕ್ಕೆ ಘಮವೇ ಇಲ್ಲವಲ್ಲ” ಎಂದಿತು.

“ನಾನೂ ಅದನ್ನೇ ಹೇಳಬೇಕೆಂದಿದ್ದೆ” ಎಂದಿತು ನರಿ. “ಬರೀ ಬಿಸಿನೀರು” ಎಂದಿತು ನವಿಲು. ಮೊಲ ತನ್ನ ಲೋಟವನ್ನು ಮೆಲ್ಲಗೆ ದೂರ ಸರಿಸಿತು. ಕರಡಿ ಅಳುಮುಖ ಮಾಡಿಕೊಂಡು, ಚೆಲ್ಲಿಬಿಡಲು ಪಾತ್ರೆಯನ್ನು ಎತ್ತಿತು.

“ತಾಳಪ್ಪ, ಚೆಲ್ಲಬೇಡ” ಎಂದಿತು ಆನೆ. “ನನಗೆ ನೆಗಡಿಯಾಗಿದೆ. ಯಾವುದರ ವಾಸನೆಯೂ ತಿಳಿಯುತ್ತಿಲ್ಲ.”

ಕರಡಿ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಿತು. ಆಮೇಲೆ ನರಿ ಎಲ್ಲರಿಗೂ ಕೇಳುವಂತೆ ಸೀನಿ, “ನನಗೂ ನೆಗಡಿ” ಎಂದಿತು. ನವಿಲೂ ಸೀನಿತು. ಮೊಲವಂತೂ ಸೀನಿ ಸೀನಿ ಮೂಗು ಕೆಂಪಗೆ ಮಾಡಿಕೊಂಡಿತು.