ಬಿಳಿ ಹಂದಿಯಮ್ಮ ಹೆಣ್ಣು ನೋಡಿದ್ದು

ಚಳಿದೇಶದಿಂದ ಬಂದ ವಂಶದ ಬಿಳಿ ಹಂದಿಯಮ್ಮ ಫಾರಮ್ಮಿನ ನೆರಳಲ್ಲೇ ಬೆಳೆದವಳು. ಒಂದು ದಿನ ಮಗನಿಗೆ ಹೆಣ್ಣು ನೋಡಲು ಕೆರೆಯಂಚಿನ ನಾಟಿ ಹಂದಿಗಳ ಮನೆಗೆ ಬಂದಳು. ಮಾಳಿ ಎಂಬ ಕಪ್ಪು ಹುಡುಗಿಯನ್ನು ಕಿವಿಯಿಂದ ಬಾಲದವರೆಗೆ ನೋಡಿ, "ಲಕ್ಷಣವಾಗಿದ್ದಾಳೆ. ಬಣ್ಣ ಕೊಂಚ ಕಡಿಮೆ. ನಮ್ಮ ನೆರಳಲ್ಲಿ ಆರು ತಿಂಗಳಿದ್ದರೆ ಬೆಳ್ಳಗಾಗುತ್ತಾಳೆ. ಎಲ್ಲಿ, ನಾಲ್ಕು ಹೆಜ್ಜೆ ನಡೆದು ತೋರಿಸಮ್ಮ" ಎಂದಳು.

"ನಡೆಯುತ್ತೇನೆ. ಕೆರೆ ಏರಿಯ ತನಕ ನೀವೂ ಬನ್ನಿ" ಎಂದಳು ಮಾಳಿ.

ನಡುಮಧ್ಯಾಹ್ನದ ಬಿಸಿಲು. ಏರಿ ಮುಟ್ಟುವ ಹೊತ್ತಿಗೆ ಹಂದಿಯಮ್ಮನ ಕಿವಿ ಕೆಂಪಾಗಿ, ಬೆನ್ನು ಉರಿಯತೊಡಗಿತ್ತು. ಅವಳು ಮಾಳಿಯ ನೆರಳಿಗೆ ಒತ್ತಿಕೊಂಡು, "ನಿನಗೆ ಉರಿಯುವುದಿಲ್ಲವೇ?" ಎಂದು ಕೇಳಿದಳು.

"ಇಲ್ಲಿ ಬೆಳ್ಳಗೆ ಹುಟ್ಟಿದವರು ಈ ಬಿಸಿಲಿಗೆ ಬಾಳಲಿಲ್ಲ. ಕಪ್ಪಗಿದ್ದವರು ಬಾಳಿದರು, ಮರಿ ಹಾಕಿದರು. ಆ ಮರಿಗಳ ಮರಿ ನಾನು. ನಿಮ್ಮ ಹಿರಿಯರ ದೇಶದಲ್ಲಿ ಬಿಸಿಲೇ ಅಪರೂಪ. ಸಿಕ್ಕಷ್ಟನ್ನೂ ಒಳಗೆ ಬಿಟ್ಟುಕೊಳ್ಳುವ ಬಿಳಿ ಚರ್ಮವೇ ಅಲ್ಲಿ ಬಾಳಿತು. ನಿಮ್ಮ ಬಣ್ಣವನ್ನೂ ಬಿಸಿಲೇ ಆರಿಸಿದ್ದು, ನನ್ನದನ್ನೂ ಬಿಸಿಲೇ ಆರಿಸಿದ್ದು. ಇದರಲ್ಲಿ ಕಡಿಮೆ ಯಾವುದು, ಹೇಳಿ."

ಹಂದಿಯಮ್ಮ ಉರಿ ತಾಳಲಾರದೆ ಕೆರೆಯ ಕೆಸರಿಗೆ ಬಿದ್ದು ಹೊರಳಾಡಿ, ಮೈಯೆಲ್ಲ ಕಪ್ಪಾಗಿ ಎದ್ದಳು. ಮೈ ತಣ್ಣಗಾಗಿತ್ತು.

"ಹುಡುಗಿ ನಮಗೆ ಒಪ್ಪಿಗೆ" ಎಂದಳು.

ಮಾಳಿ ಅವಳನ್ನು ಕಿವಿಯಿಂದ ಬಾಲದವರೆಗೆ ನೋಡಿದಳು.

"ನಾಳೆ ಇದೇ ಹೊತ್ತಿಗೆ ನಿಮ್ಮ ಮಗನನ್ನು ಕಳಿಸಿ. ಇದೇ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಲಿ. ನಾನು ನೋಡಿ, ಆಮೇಲೆ ತಿಳಿಸುತ್ತೇನೆ."