ಹಾಲು ಎದ್ದು ನಿಲ್ಲದ ತಪ್ಪಿಗೆ

ಒಂದಾನೊಂದು ಊರಿನಲ್ಲಿ ಚೌಕಸೇನ ಎಂಬ ಅರಸನಿದ್ದ. ಊರು ಎಲ್ಲಿತ್ತು ಅಂತ ಕೇಳಬೇಡಿ, ಅರಸನಿಗೇ ಗೊತ್ತಿರಲಿಲ್ಲ. ಅವನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಉದ್ದ ಹತ್ತು ಸೆಂಟಿಮೀಟರ್, ಅಗಲ ಹತ್ತು, ಎತ್ತರ ಹತ್ತು. ಸರಿಯಾಗಿ ಒಂದು ಲೀಟರ್ ಹಾಲು ಹಿಡಿಯುತ್ತಿತ್ತು. ಹಾಲಿನ ನಿಂಗಾಜಮ್ಮ ದಿನಾ ಅದನ್ನು ತುಂಬಿಸಿ ಹೋಗುತ್ತಿದ್ದಳು.

"ಅರಸನಿಗೆ ಇಷ್ಟು ಪುಟ್ಟ ಪೆಟ್ಟಿಗೆಯೆ?" ಅಂದ ಅರಸ. ಅದನ್ನು ಪಕ್ಕಕ್ಕಿಟ್ಟು, ಉದ್ದ, ಅಗಲ, ಎತ್ತರ ಮೂರನ್ನೂ ಹತ್ತು ಪಟ್ಟು ಮಾಡಿ ಹೊಸದೊಂದು ಮಾಡಿಸಿದ. ಪ್ರತಿ ಕಡೆಗೂ ಒಂದೊಂದು ಮೀಟರ್ ಆಯಿತು.

"ಪೆಟ್ಟಿಗೆ ಹತ್ತು ಪಟ್ಟಾಯಿತು. ಹತ್ತು ಲೀಟರಿಗೆ ತುಂಬಬೇಕು. ತುಂಬದಿದ್ದರೆ ನಿನ್ನ ಎಮ್ಮೆ ಅರಮನೆಗೆ!"

ನಿಂಗಾಜಮ್ಮನಿಗೆ ಇದ್ದದ್ದೇ ಒಂದು ಎಮ್ಮೆ. ಹತ್ತು ಲೀಟರ್ ತಂದು ಹುಯ್ದಳು.

"ಅಂಗಾಲು ಒದ್ದೆಯಾಯ್ತು ಅಷ್ಟೆ," ಅಂತು ದೊಡ್ಡ ಪೆಟ್ಟಿಗೆ.

"ನನ್ನಂಥವು ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು, ಮೇಲಕ್ಕೆ ಹತ್ತು ಹಿಡೀತವೆ. ಸಾವಿರ ಲೀಟರ್ ಬೇಕಲ್ಲಪ್ಪ," ಅಂತು ಸಣ್ಣ ಪೆಟ್ಟಿಗೆ.

"ದೊಡ್ಡವರ ವಿಷಯದಲ್ಲಿ ಚಿಕ್ಕವರು ಬಾಯಿ ಹಾಕಬಾರದು!" ಅಂತ ಅರಸ ಗದರಿದ.

ಮಂತ್ರಿ ಬಗ್ಗಿ ನೋಡಿದ. "ಪ್ರಭು, ಹಾಲು ಸರಿಯಾಗಿಯೇ ಇದೆ. ಆದರೆ ಮಲಗಿಬಿಟ್ಟಿದೆ. ಎದ್ದು ನಿಂತರೆ ತುಂಬುತ್ತದೆ."

ಹೌದು ಹೌದು ಅಂದಿತು ಸಭೆ. ಸಂಬಳ ತಿನ್ನುವ ಸಭೆ, ಇನ್ನೇನು ಅಂದೀತು? ಸೈನಿಕರು "ಏಳು! ನಿಲ್ಲು!" ಅಂತ ಹಾಲಿನ ಮೇಲೆ ಕೂಗಾಡಿದರು. ಹಾಲು ಏಳಲಿಲ್ಲ.

"ಅರಸನ ಮುಂದೆ ಮಲಗಿದೆಯಲ್ಲ, ಇದಕ್ಕೆ ತಾಯಿ ಬುದ್ಧಿ ಕಲಿಸಿಲ್ಲ. ತಾಯಿಯನ್ನು ಹಿಡಿಯಿರಿ!" ಅಂದ ಅರಸ.

ಹಾಲಿನ ತಾಯಿ ಎಮ್ಮೆ. ಹಿಡಿದು ಕಟ್ಟಿದರು. ನಿಂಗಾಜಮ್ಮ ಕಣ್ಣೊರೆಸಿಕೊಂಡು ಕೈಮುಗಿದಳು.

"ಬುದ್ಧಿ, ಪೆಟ್ಟಿಗೆಯೇ ಹತ್ತು ಪಟ್ಟು ಬೆಳೀತು. ನಿಮ್ಮ ಕಿರೀಟ ಮಾತ್ರ ಹಂಗೇ ಅದಲ್ಲ?"

ಅರಸನಿಗೆ ನಾಚಿಕೆಯಾಯಿತು. ಕಿರೀಟದ ಉದ್ದ, ಅಗಲ, ಎತ್ತರ, ದಪ್ಪ ಎಲ್ಲವನ್ನೂ ಹತ್ತು ಪಟ್ಟು ಮಾಡಿ ಎಂದ. ಖಜಾನೆ ಕರಗಿತು. ಸಿಂಹಾಸನ ಕರಗಿತು. ರಾಣಿಯ ಮೂಗುಬೊಟ್ಟೂ ಕರಗಿತು. ಊರಿನ ಹಗ್ಗವೆಲ್ಲ ಕಟ್ಟಿ, ಆನೆಗಳಿಂದ ಎಳೆಸಿ, ಕಿರೀಟವನ್ನು ಅರಸನ ಮೇಲೆ ಇಳಿಸಿದರು. ಅದು ತಲೆ ದಾಟಿತು. ಹೆಗಲು ದಾಟಿತು. ಸುತ್ತಲೂ ಗೋಡೆ ಕಟ್ಟಿದ ಹಾಗೆ ನೆಲಕ್ಕೆ ಕೂತಿತು. ಹಗ್ಗಗಳು ಹರಿದುಹೋದವು.

"ಎತ್ತಿ! ಹತ್ತೇ ಕಿರೀಟದ ಭಾರ!" ಅಂತ ಅರಸ ಒಳಗಿಂದ ಕೂಗಿದ.

"ಹೌದು ಪ್ರಭು, ಹತ್ತೇ!" ಅಂತ ಸಭೆ ಹೊರಗಿಂದ ಕೂಗಿತು. ಹತ್ತಕ್ಕೆ ಬೇಕಾದಷ್ಟು ಜನ ಮಾತ್ರ ಕೈ ಹಾಕಿದರು. ಹೆಚ್ಚು ಜನರನ್ನು ಕರೆದರೆ ಅರಸನ ಲೆಕ್ಕ ತಪ್ಪು ಅಂದ ಹಾಗಾಗುತ್ತಲ್ಲ!

ನಿಂಗಾಜಮ್ಮ ಎಮ್ಮೆ ಬಿಚ್ಚಿಕೊಂಡಳು. ಸಣ್ಣ ಪೆಟ್ಟಿಗೆ ತುಂಬ ಹಾಲು ಕರೆದು, ಹರಿದ ಹಗ್ಗದ ತುಂಡು ಕಟ್ಟಿ ಕಿರೀಟದೊಳಕ್ಕೆ ಇಳಿಬಿಟ್ಟಳು.

"ಒಂದು ಲೀಟರ್ ಅದೆ ಬುದ್ಧಿ. ನಿಂತ್ಕಂಡೇ ಕುಡೀರಿ."

ನೀತಿ ಏನಪ್ಪಾ ಅಂದರೆ, ಹಾಲು ನಿಲ್ಲದಿದ್ದರೆ ಅರಸನನ್ನಾದರೂ ನಿಲ್ಲಿಸಬೇಕು. ಅರಸ ಕಿರೀಟದೊಳಗೆ, ನಾವು ಹೊರಗೆ, ಕತೆ ಇಲ್ಲಿಗೆ.